ಬೋಟಿನ ಬೆಲೆ ನೋಡಿ ವಿಮೆ ಮಾಡಿಸಬೇಡಿ

ಮಿಶಿಗನ್‌ಗೆ ಬಂದು ಎರಡು ವರ್ಷ ತುಂಬುವ ಮೊದಲೇ ಬೋಟು ಕೊಳ್ಳಲು ಹೊರಟಿದ್ದೀರಿ, ಕೇಳಿ ತುಂಬ ಖುಷಿಯಾಯಿತು. 2006ರ 19 ಅಡಿ ಬೋಟು, ಹಿಂದೆ ಸ್ಟರ್ನ್‌ಡ್ರೈವ್ ಎಂಜಿನ್ (ಎಂಜಿನ್ ಬೋಟಿನೊಳಗೆ, ಪ್ರೊಪೆಲರ್ ತಿರುಗಿಸುವ ಡ್ರೈವ್ ಹೊರಗೆ), ಟ್ರೇಲರ್ ಸೇರಿ 14,000 ಡಾಲರು. ನೀವು ಕೇಳಿದ್ದು ಇಷ್ಟು: "ಅಕ್ಕಾ, ಕಾರಿಗೆ ವಿಮೆ ಇದೆ, ಮನೆಗೂ ಇದೆ. ಬೋಟಿಗೆ ಇಲ್ಲಿ ಕಾನೂನೇ ಕೇಳುವುದಿಲ್ಲವಂತೆ. ಮತ್ತೆ ವರ್ಷವರ್ಷ ಯಾಕೆ ದುಡ್ಡು ಕಟ್ಟಬೇಕು? ಹೋದರೆ ಹದಿನಾಲ್ಕು ಸಾವಿರ ಹೋಯಿತು, ಅಷ್ಟೇ ತಾನೇ?"

ಅಷ್ಟೇ ಅಲ್ಲ. ಹನ್ನೆರಡು ವರ್ಷದ ಹಿಂದೆ ನಾವೂ ಹೀಗೇ ಲೆಕ್ಕ ಹಾಕಿದ್ದೆವು. ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ನನ್ನ ಕಣ್ಣೆದುರೇ ನಡೆದಿದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕಾನೂನಿನ ವಿಷಯ ನೀವು ಕೇಳಿದ್ದು ನಿಜ. ಮಿಶಿಗನ್‌ನಲ್ಲಿ ಬೋಟಿಗೆ ವಿಮೆ ಕಡ್ಡಾಯವಲ್ಲ, ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲೂ ಅಲ್ಲ. ಆರ್ಕನ್ಸಾ, ಯೂಟಾದಂಥ ಕೆಲವೇ ರಾಜ್ಯಗಳು 50 ಹಾರ್ಸ್‌ಪವರ್ ಮೀರಿದ ಎಂಜಿನ್ ಇದ್ದರೆ ಲಯಬಿಲಿಟಿ ವಿಮೆ, ಅಂದರೆ ನಮ್ಮಿಂದ ಬೇರೆಯವರಿಗೆ ಆದ ಹಾನಿಯನ್ನು ತುಂಬಿಕೊಡುವ ವಿಮೆ, ಬೇಕೇ ಬೇಕು ಅನ್ನುತ್ತವೆ. ಆದರೆ ನೀವು ಮರೀನಾದಲ್ಲಿ, ಅಂದರೆ ಬೋಟು ಕಟ್ಟಿ ನಿಲ್ಲಿಸುವ ತಾಣದಲ್ಲಿ, ಜಾಗ ಬಾಡಿಗೆಗೆ ಕೇಳಿದ ದಿನ ಅವರು ಮೊದಲು ಕೇಳುವುದು ವಿಮೆಯ ಸರ್ಟಿಫಿಕೇಟನ್ನೇ. ಬ್ಯಾಂಕಿನಿಂದ ಸಾಲ ತೆಗೆದರೆ ಅವರೂ ಕೇಳುತ್ತಾರೆ. ಕಡ್ಡಾಯ ಇಲ್ಲ ಅನ್ನುವುದಕ್ಕೆ ಇನ್ನೊಂದು ಮುಖ ಇದೆ: ನಿಮ್ಮ ಪಕ್ಕದಲ್ಲಿ ರಭಸದಿಂದ ಹೋಗುತ್ತಿರುವ ಬೋಟಿನವನ ಹತ್ತಿರವೂ ವಿಮೆ ಇಲ್ಲದಿರಬಹುದು. ಅವನು ಬಂದು ಗುದ್ದಿ ನಿಮ್ಮವರಿಗೆ ಪೆಟ್ಟಾದರೆ ಕೈಹಿಡಿಯುವುದು ನಿಮ್ಮದೇ ಪಾಲಿಸಿಯ 'ಅನ್‌ಇನ್ಶೂರ್ಡ್ ಬೋಟರ್' ಭಾಗ. ಅದನ್ನು ಬಿಡಬೇಡಿ.

ಮನೆಯ ಪಾಲಿಸಿಯಲ್ಲೇ ಬೋಟೂ ಬರುತ್ತದೆ ಎಂದು ನಿಮಗೆ ಯಾರೋ ಹೇಳಿದರಂತೆ. ಬರುತ್ತದೆ, ಹೆಸರಿಗೆ ಮಾತ್ರ. ಇಲ್ಲಿನ ಸಾಮಾನ್ಯ ಹೋಮ್‌ಓನರ್ಸ್ ಪಾಲಿಸಿಯಲ್ಲಿ ಬೋಟು, ಎಂಜಿನ್, ಟ್ರೇಲರ್ ಎಲ್ಲ ಸೇರಿ ಮಿತಿ 1,500 ಡಾಲರು. ಗಾಳಿಮಳೆಯ ಹಾನಿ ಆದರೆ ಬೋಟು ನಾಲ್ಕೂ ಕಡೆ ಮುಚ್ಚಿದ ಕಟ್ಟಡದೊಳಗೆ ಇದ್ದಿರಬೇಕು. ಕಳುವಾದರೆ ಅದು ಮನೆಯ ಆವರಣದಿಂದಲೇ ಆಗಿರಬೇಕು. ಲಯಬಿಲಿಟಿ ಸಿಗುವುದು 25 ಹಾರ್ಸ್‌ಪವರ್ ಒಳಗಿನ ಔಟ್‌ಬೋರ್ಡ್‌ನಂಥ (ಬೋಟಿನ ಹಿಂದೆ ಹೊರಗೆ ಸಿಕ್ಕಿಸುವ) ಪುಟ್ಟ ಎಂಜಿನ್ನುಗಳಿಗೆ. ನಿಮ್ಮ ಬೋಟಿನದು ಅದಕ್ಕಿಂತ ಎಷ್ಟೋ ದೊಡ್ಡದು, ಮೇಲಾಗಿ ಸ್ಟರ್ನ್‌ಡ್ರೈವ್. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಕಾರಿನ ಪಾಲಿಸಿಯೂ ಅಷ್ಟೇ. ಟ್ರೇಲರ್ ಕಾರಿಗೆ ಸಿಕ್ಕಿಸಿ ಎಳೆಯುವಾಗ ಬೇರೆಯವರಿಗೆ ಆಗುವ ಹಾನಿಯನ್ನು ಸಾಮಾನ್ಯವಾಗಿ ಅದು ನೋಡಿಕೊಳ್ಳುತ್ತದೆ, ಟ್ರೇಲರಿಗೋ ಅದರ ಮೇಲಿನ ಬೋಟಿಗೋ ಆದದ್ದನ್ನಲ್ಲ.

ಈಗ ನಾನು ಕಂಡದ್ದು ಹೇಳುತ್ತೇನೆ. ನಮ್ಮ ಬೋಟು ಲೇಕ್ ಸೇಂಟ್ ಕ್ಲೇರ್‌ನ ಒಂದು ಮರೀನಾದಲ್ಲಿ ನಿಲ್ಲುತ್ತದೆ. ಒಂದು ಜೂನ್ ತಿಂಗಳು ಮೂರು ದಿನ ಬಿಡದೆ ಮಳೆ ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೋದರೆ ನಮ್ಮದರಿಂದ ಮೂರನೆಯ ಬೋಟು ಕಾಣಿಸುತ್ತಿಲ್ಲ. ಮುಂಭಾಗದ ಕಂಬಿ ಮಾತ್ರ ನೀರಿನ ಮೇಲೆ, ಅದಕ್ಕೆ ಕಟ್ಟಿದ ಹಗ್ಗ ತಂತಿಯ ಹಾಗೆ ಬಿಗಿದುಕೊಂಡಿತ್ತು. ಸುತ್ತ ನೀರಿನ ಮೇಲೆ ಪೆಟ್ರೋಲು ಕಾಮನಬಿಲ್ಲಿನ ಹಾಗೆ ಹರಡಿತ್ತು. ಸೀಟಿನ ದಿಂಬೊಂದು ತೇಲುತ್ತ ನಮ್ಮ ಬೋಟಿನ ಪಕ್ಕಕ್ಕೇ ಬಂದು ನಿಂತಿತ್ತು. ಆಮೇಲೆ ಮೇಲೆತ್ತಿ ನೋಡಿದಾಗ ಸಿಕ್ಕ ಕಾರಣ ಇಷ್ಟೇ: ಎಂಜಿನ್ನಿಗೂ ಹೊರಗಿನ ಡ್ರೈವಿಗೂ ನಡುವಿನ ರಬ್ಬರ್ ಬೆಲ್ಲೋಸ್‌ನಲ್ಲಿ ಉಗುರಿನಷ್ಟು ಸೀಳು. ಒಳಬಂದ ನೀರನ್ನು ಬಿಲ್ಜ್ ಪಂಪ್ (ಬೋಟಿನ ತಳದ ನೀರೆತ್ತುವ ಪಂಪ್) ಹೊರಹಾಕುತ್ತಲೇ ಇತ್ತು, ಮಳೆನೀರೂ ಸೇರಿ ಬ್ಯಾಟರಿ ಖಾಲಿಯಾದ ಮೇಲೆ ನಿಂತುಹೋಯಿತು. ಬೋಟುಗಳು ನಡುನೀರಿನಲ್ಲಿ ಮುಳುಗುವುದಕ್ಕಿಂತ ಹೀಗೆ ಕಟ್ಟಿದಲ್ಲೇ ಮುಳುಗುವುದು ಹೆಚ್ಚು. ನಿಮ್ಮದೂ ಸ್ಟರ್ನ್‌ಡ್ರೈವ್, ಆದ್ದರಿಂದ ಆ ಬೆಲ್ಲೋಸ್ ಯಾವಾಗ ಬದಲಾಯಿಸಿದ್ದು ಎಂದು ಮಾರುವವರನ್ನು ತಪ್ಪದೆ ಕೇಳಿ.

ಆ ಬೋಟಿನ ಯಜಮಾನರೂ ನಿಮ್ಮ ಹಾಗೇ ಅಂದುಕೊಂಡಿದ್ದವರು. ಹಳೇ ಬೋಟು, ಹೋದರೆ ಹೋಗಲಿ ಎಂದು ವಿಮೆ ಮಾಡಿಸಿರಲಿಲ್ಲ. ಮರೀನಾದವರು ಆ ವರ್ಷದ ಕಾಗದ ಕೇಳುವುದನ್ನು ಮರೆತಿದ್ದರು. ಆದರೆ ಮುಳುಗಿದ ಬೋಟನ್ನು 'ಹೋಗಲಿ' ಎಂದು ಬಿಡುವ ಹಾಗಿಲ್ಲ. 1899ರ ರಿವರ್ಸ್ ಅಂಡ್ ಹಾರ್ಬರ್ಸ್ ಆಕ್ಟ್ ಪ್ರಕಾರ ಸಂಚಾರವಿರುವ ನೀರಿನಲ್ಲಿ ಮುಳುಗಿದ್ದನ್ನು ಎತ್ತಿಸುವ ಹೊಣೆ ಮಾಲೀಕನದೇ. ನೀರಿಗೆ ಸೇರಿದ ಇಂಧನವನ್ನು ತೆಗೆಸುವ ಖರ್ಚೂ ಅವನದೇ. ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಸೋರಿದ ಮೇಲೆ ಬಂದ 1990ರ ಆಯಿಲ್ ಪೊಲ್ಯೂಶನ್ ಆಕ್ಟ್ ಮೋಜಿನ ಬೋಟುಗಳಿಗೂ ಅನ್ವಯಿಸುತ್ತದೆ. ಡೈವರ್‌ಗಳು ಬಂದರು, ಗಾಳಿಚೀಲ ಕಟ್ಟಿ ಬೋಟನ್ನು ಎತ್ತಿದರು, ಎಣ್ಣೆ ಹೀರುವ ಬಿಳಿ ಪಟ್ಟಿಗಳನ್ನು ಸುತ್ತ ಹಾಸಿದರು. ಬಿಲ್ಲಿನ ಮೊತ್ತ ಬೋಟಿನ ಬೆಲೆಯನ್ನು ದಾಟಿತು. ಬೋಟೂ ಹೋಯಿತು, ಅದನ್ನು ಕಳೆದುಕೊಂಡದ್ದಕ್ಕೆ ಮೇಲಿಂದ ದುಡ್ಡೂ ಕಟ್ಟಬೇಕಾಯಿತು. ಆ ಮನುಷ್ಯ ಮಾತಾಡದೆ ದಡದ ಹಲಗೆಯ ಮೇಲೆ ಕೂತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಲ್ಲಿ ಒಂದು ಎಚ್ಚರಿಕೆ. ಯಾವತ್ತಾದರೂ ನಿಮ್ಮಿಂದ ಸ್ವಲ್ಪ ಪೆಟ್ರೋಲು ಚೆಲ್ಲಿದರೆ, ಪಾತ್ರೆ ತೊಳೆಯುವ ಸೋಪು ಸುರಿದರೆ ಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಡಬೇಡಿ, ಅದು ಕಾನೂನಿಗೆ ವಿರುದ್ಧ. ಎಣ್ಣೆ ಕಣ್ಣಿಗೆ ಕಾಣದ ಹಾಗೆ ತಳಕ್ಕೆ ಇಳಿಯುತ್ತದೆಯೇ ಹೊರತು ಹೋಗುವುದಿಲ್ಲ.

ಹಾಗಾಗಿ ಪಾಲಿಸಿ ಕೈಗೆ ಬಂದ ಕೂಡಲೇ ನೀವು ಹುಡುಕಬೇಕಾದ ಎರಡು ಸಾಲು: ಮುಳುಗಿದ್ದನ್ನು ಎತ್ತಿಸುವ ಖರ್ಚು ಮತ್ತು ಇಂಧನ ಸೋರಿಕೆಯ ಖರ್ಚು. ಇದ್ದರೆ ಸಾಲದು, ಅವು ಬೋಟಿಗೆಂದು ಇರುವ ವಿಮಾ ಮೊತ್ತದಿಂದ ಪ್ರತ್ಯೇಕವಾಗಿವೆಯೇ ನೋಡಿ. ಕೆಲವು ಅಗ್ಗದ ಪಾಲಿಸಿಗಳಲ್ಲಿ ಎತ್ತಿಸುವ ಖರ್ಚನ್ನು ಬೋಟಿನ ಮೊತ್ತದಿಂದಲೇ ಕಳೆಯುತ್ತಾರೆ, ಆಮೇಲೆ ನಿಮ್ಮ ಕೈಗೆ ಏನೂ ಉಳಿಯುವುದಿಲ್ಲ. ಇನ್ನೊಂದು ಸಾಲು 'ಕಾನ್ಸಿಕ್ವೆನ್ಶಿಯಲ್ ಡ್ಯಾಮೇಜ್'. ಸವೆದುಹೋದ ಭಾಗಕ್ಕೆ ಯಾವ ಪಾಲಿಸಿಯೂ ದುಡ್ಡು ಕೊಡುವುದಿಲ್ಲ. ಆ ಸೀಳಿದ ಬೆಲ್ಲೋಸ್ ನಿಮ್ಮ ಖರ್ಚು, ಅದು ಸರಿಯೇ. ಆದರೆ ಅದರಿಂದಾಗಿ ಇಡೀ ಬೋಟು ಮುಳುಗಿದ್ದು? ಈ ಸಾಲು ಇದ್ದರೆ ಕೊಡುತ್ತಾರೆ. ಇಲ್ಲದಿದ್ದರೆ 'ಸವೆತದಿಂದ ಆದದ್ದು' ಎಂದು ಒಂದೇ ಮಾತಿನಲ್ಲಿ ಕೈಬಿಡಬಹುದು.

ಲಯಬಿಲಿಟಿ ಮೊತ್ತವನ್ನು 14,000ದ ಜೊತೆ ಹೋಲಿಸಲೇಬೇಡಿ. ಟ್ಯೂಬ್ ಮೇಲೆ ಕೂರಿಸಿ ಎಳೆಯುತ್ತಿರುವ ಮಗುವಿಗೆ, ನೀರಿಗಿಳಿದ ಸ್ನೇಹಿತರಿಗೆ ಪ್ರೊಪೆಲರ್ ತಗುಲಿದರೆ ಇಲ್ಲಿನ ಆಸ್ಪತ್ರೆಯ ಬಿಲ್ಲು ಎಷ್ಟಾಗುತ್ತದೆ ಎಂದು ಎರಡು ವರ್ಷದಲ್ಲಿ ನಿಮಗೇ ಅಂದಾಜಾಗಿರುತ್ತದೆ. ಹದಿನಾಲ್ಕು ಸಾವಿರದ ಬೋಟು ಮಾಡುವ ಗಾಯ ಒಂದು ಲಕ್ಷದ ಬೋಟು ಮಾಡುವ ಗಾಯಕ್ಕಿಂತ ಚಿಕ್ಕದೇನಲ್ಲ. ನನ್ನ ಮಾತು ಕೇಳುವುದಾದರೆ 3,00,000 ಡಾಲರಿಗಿಂತ ಕೆಳಗೆ ಇಳಿಯಬೇಡಿ. ಮನೆಯ ಮೇಲೆ ಅಂಬ್ರೆಲಾ ಪಾಲಿಸಿ (ಬೇರೆ ಪಾಲಿಸಿಗಳ ಲಯಬಿಲಿಟಿ ಮುಗಿದ ಮೇಲೆ ಕೊಡುವ ಹೆಚ್ಚುವರಿ ಪಾಲಿಸಿ) ಇದ್ದರೆ ಅದರಲ್ಲಿ ಬೋಟು ಸೇರಿದೆಯೇ ಎಂದು ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಬೋಟಿನಲ್ಲಿ ಕೂತವರ ಚಿಕಿತ್ಸೆಗೆ, ತಪ್ಪು ಯಾರದ್ದೆಂದು ನೋಡದೆ ಕೊಡುವ 'ಮೆಡಿಕಲ್ ಪೇಮೆಂಟ್ಸ್' ಅನ್ನುವ ಸಣ್ಣ ಭಾಗವೂ ಇರಲಿ.

ಬೋಟಿನ ಮೌಲ್ಯದ ವಿಷಯದಲ್ಲಿ ಎರಡು ಬಗೆ. 'ಅಗ್ರೀಡ್ ವ್ಯಾಲ್ಯೂ' ಅಂದರೆ ಪಾಲಿಸಿ ಮಾಡುವಾಗಲೇ ಇಷ್ಟೆಂದು ಇಬ್ಬರೂ ಒಪ್ಪಿದ ಮೊತ್ತ, ಪೂರ್ತಿ ಹೋದರೆ ಅದು ಸಿಗುತ್ತದೆ. 'ಆಕ್ಚುವಲ್ ಕ್ಯಾಶ್ ವ್ಯಾಲ್ಯೂ' ಅಂದರೆ ಹೋದ ದಿನ ಸವಕಳಿ ಕಳೆದು ಎಷ್ಟು ಬಾಳುತ್ತಿತ್ತೋ ಅಷ್ಟು. ಮೊದಲನೆಯದಕ್ಕೆ ಪ್ರೀಮಿಯಂ ಜಾಸ್ತಿ. ನಿಮ್ಮ ಬೋಟಿನ ವಯಸ್ಸಿಗೆ ಕಂಪನಿಯವರು ಮರೀನ್ ಸರ್ವೇಯರ್, ಅಂದರೆ ಬೋಟು ಪರೀಕ್ಷಿಸುವ ತಜ್ಞರ, ರಿಪೋರ್ಟ್ ಕೇಳುವ ಸಾಧ್ಯತೆ ಹೆಚ್ಚು. ಸ್ಯಾಮ್ಸ್ ಅಥವಾ ನ್ಯಾಮ್ಸ್ ಸಂಘದ ಸದಸ್ಯರಾದ ಸರ್ವೇಯರನ್ನು ಹಿಡಿಯಿರಿ. ದುಡ್ಡು ಕೊಡುವ ಮೊದಲೇ ಬೋಟನ್ನು ನೀರಿನಿಂದ ಹೊರಗಿಟ್ಟು ತೋರಿಸಿ, ವಿಮೆಗೂ ಆಯಿತು, ಚೌಕಾಸಿಗೂ ಆಯಿತು. ಬೋಟಿನ ಹಿಂಭಾಗ ಬಲಗಡೆ ಮೇಲ್ಗಡೆ ಕೆತ್ತಿರುವ 12 ಅಕ್ಷರ-ಅಂಕಿಗಳ ಹಲ್ ನಂಬರು ಮಾಲೀಕತ್ವದ ಕಾಗದದಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ನೀವೇ ಬಗ್ಗಿ ಓದಿ ನೋಡಿ.

ಚಳಿಗಾಲದ್ದು ನಮ್ಮ ಮೈಮೇಲೇ ಬಂದದ್ದು. ಮೊದಲ ವರ್ಷ ನಮ್ಮನೆಯವರು ತಾವೇ ಎಂಜಿನ್ನಿನ ನೀರು ಬಸಿದರು. ಒಂದು ಡ್ರೇನ್ ತೂತಿನಲ್ಲಿ ತುಕ್ಕು ಕಟ್ಟಿಕೊಂಡಿದ್ದು ಗೊತ್ತಾಗಲಿಲ್ಲ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಅದನ್ನು ತಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿತ್ತು. ಬ್ಲಾಕಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು. ಕ್ಲೇಮು ಹಾಕಿದೆವು, ಕಂಪನಿಯವರು ನಮ್ಮದೇ ಪಾಲಿಸಿಯ ಹನ್ನೊಂದನೆಯ ಪುಟ ತೋರಿಸಿದರು: ಹೆಪ್ಪುಗಟ್ಟಿ ಆದ ಹಾನಿಗೆ ಹೊಣೆಯಿಲ್ಲ. ಆ ಪುಟವನ್ನು ನಾವು ಅವತ್ತೇ ಮೊದಲು ಓದಿದ್ದು. ಈಗ 'ಐಸ್ ಅಂಡ್ ಫ್ರೀಜಿಂಗ್' ಸೇರಿಸಿದ್ದೇವೆ, ವಿಂಟರೈಸ್ ಕೆಲಸ (ಎಂಜಿನ್ನನ್ನು ಚಳಿಗಾಲಕ್ಕೆ ಸಿದ್ಧಪಡಿಸುವುದು) ಮೆಕ್ಯಾನಿಕ್ ಕೈಲಿ ಮಾಡಿಸಿ ರಸೀದಿ ತೆಗೆದಿಡುತ್ತೇವೆ. ಜೊತೆಗೆ 'ಲೇ-ಅಪ್' ತಾರೀಖುಗಳನ್ನೂ ನೋಡಿಕೊಳ್ಳಿ. ನಮ್ಮದರಲ್ಲಿ ನವೆಂಬರ್ 1ರಿಂದ ಏಪ್ರಿಲ್ 1. ಆ ಅವಧಿಯಲ್ಲಿ ಬೋಟು ಓಡಿಸುವುದಿಲ್ಲ ಎಂದು ಒಪ್ಪಿರುವುದರಿಂದ ಪ್ರೀಮಿಯಂ ಕಡಿಮೆ. ನವೆಂಬರ್‌ನಲ್ಲಿ ಒಂದು ದಿನ ಬಿಸಿಲು ಬಂತೆಂದು ಇಳಿಸಿದರೆ ಆ ದಿನ ನಿಮಗೆ ವಿಮೆಯೇ ಇಲ್ಲ ಎಂದು ತಿಳಿಯಿರಿ.

ಇದೇ ರೀತಿ ಗಡಿಯೂ ಇದೆ. ಎಲ್ಲೆಲ್ಲಿ ಓಡಿಸಬಹುದು ಎಂದು ಪಾಲಿಸಿಯಲ್ಲಿ ಬರೆದಿರುತ್ತದೆ. ಕೆಲವು ಒಳನಾಡಿನ ಕೆರೆಗಳಿಗಷ್ಟೇ, ಗ್ರೇಟ್ ಲೇಕ್ಸ್‌ಗೆ ಅಲ್ಲ. ಸೇಂಟ್ ಕ್ಲೇರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಕೆನಡಾದ್ದು, ನೀರಿನ ಮೇಲೆ ಗೆರೆ ಎಳೆದಿರುವುದಿಲ್ಲ. ಕೆನಡಾದ ನೀರು ಸೇರಿದೆಯೇ ಎಂದು ಕೇಳಿ.

ಎಂಜಿನ್ ನಿಂತು ನಡುನೀರಿನಲ್ಲಿ ಸಿಕ್ಕಿಕೊಂಡಾಗ ಎಳೆಯಲು ಬರುವವರ ಬಗ್ಗೆ ಒಂದು ಮಾತು, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಶಾಂತ ನೀರಿನಲ್ಲಿ ಸುಮ್ಮನೆ ದಡಕ್ಕೆ ಎಳೆದು ತಂದರೆ ಅದು ಟೋಯಿಂಗ್, ಗಂಟೆಯ ಲೆಕ್ಕ. ಬೋಟುಯುಎಸ್, ಸೀ ಟೋದಂಥ ಎಳೆದು ತರುವ ಸೇವೆಗಳ ವಾರ್ಷಿಕ ಸದಸ್ಯತ್ವ ಇದ್ದರೆ ಅದರಲ್ಲೇ ಮುಗಿಯುತ್ತದೆ. ಆದರೆ ಬೋಟು ಬಂಡೆಗೆ ಹತ್ತಿಕೊಂಡಿದ್ದರೆ, ನೀರು ಒಳಬರುತ್ತಿದ್ದರೆ, ಅಂದರೆ ಅಪಾಯದಲ್ಲಿದ್ದಾಗ ಉಳಿಸಿಕೊಟ್ಟರೆ ಅದು ಸಾಲ್ವೇಜ್. ಆಗ ಉಳಿಸಿದವರಿಗೆ ಬೋಟಿನ ಬೆಲೆಯಲ್ಲೇ ಒಂದು ಪಾಲು ಕೇಳುವ ಹಕ್ಕಿದೆ, ಮೊದಲೇ ಕರಾರು ಇರಬೇಕೆಂದೂ ಇಲ್ಲ. ಟೋಯಿಂಗ್ ಸದಸ್ಯತ್ವ ಅದನ್ನು ಕೊಡುವುದಿಲ್ಲ, ವಿಮೆಯೇ ಕೊಡಬೇಕು. ಜೀವಕ್ಕೆ ಅಪಾಯವಿದ್ದರೆ ಏನನ್ನೂ ಕೇಳದೆ ಹಗ್ಗ ಹಿಡಿಯಿರಿ. ಸಮಯ ಇದ್ದರೆ ಹಗ್ಗ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇದು ಟೋಯಿಂಗಾ, ಸಾಲ್ವೇಜಾ?" ಟೋಯಿಂಗ್ ಎಂದರೆ ದರವನ್ನೂ ಆಗಲೇ ಕೇಳಿಬಿಡಿ.

ವಾರಾಂತ್ಯಕ್ಕೆ ನಾಲ್ಕು ಮನೆಯವರು ಸೇರಿ ಹೋಗುತ್ತೀರಿ, ತಲೆಗೆ ಇಷ್ಟು ಎಂದು ಹಂಚಿಕೊಳ್ಳುತ್ತೀರಿ, ಅದೂ ನನಗೆ ಗೊತ್ತು. ಸ್ನೇಹಿತರು ತಾವಾಗಿ ಪೆಟ್ರೋಲಿನ ಖರ್ಚು ಹಂಚಿಕೊಂಡರೆ ತೊಂದರೆಯಿಲ್ಲ, ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ದುಡ್ಡು ಕೊಟ್ಟರೆ ಮಾತ್ರ ಹತ್ತಿಸಿಕೊಳ್ಳುತ್ತೇನೆ ಅಂದರೆ, ಅಥವಾ ಖರ್ಚಿಗಿಂತ ಒಂದು ಡಾಲರು ಹೆಚ್ಚಿಗೆ ತೆಗೆದುಕೊಂಡರೆ, ಅವರು ಬಾಡಿಗೆ ಪ್ರಯಾಣಿಕರಾಗುತ್ತಾರೆ. ಆಗ ಕೋಸ್ಟ್ ಗಾರ್ಡ್ ಲೈಸೆನ್ಸ್ ಬೇಕು, ಮೋಜಿನ ಬೋಟಿನ ಪಾಲಿಸಿ ಕೆಲಸಕ್ಕೆ ಬರುವುದಿಲ್ಲ. ಆ್ಯಪ್ ಮೂಲಕ ಬೋಟನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೂ ಮೊದಲು ಏಜೆಂಟರನ್ನು ಕೇಳಿ.

ನೀವು 1996ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರಾದರೆ ಮಿಶಿಗನ್‌ನಲ್ಲಿ ಬೋಟಿಂಗ್ ಸುರಕ್ಷತೆಯ ಸರ್ಟಿಫಿಕೇಟ್ ಇಲ್ಲದೆ ಓಡಿಸುವ ಹಾಗಿಲ್ಲ. ಅದಕ್ಕಿಂತ ಮುಂಚೆ ಹುಟ್ಟಿದವರಾದರೂ ಮಾಡಿಬಿಡಿ, ಅದನ್ನು ತೋರಿಸಿದರೆ ಎಷ್ಟೋ ಕಂಪನಿಗಳು ಪ್ರೀಮಿಯಂನಲ್ಲಿ ಸ್ವಲ್ಪ ಬಿಡುತ್ತವೆ. ಸರ್ವೇ ಮುಗಿದ ಮೇಲೆ ಮೂರು ಕಡೆಯಿಂದ ಕೊಟೇಶನ್ ತರಿಸಿ, ಮುಖಪುಟದ ಜೊತೆ ಪೂರ್ತಿ ಪಾಲಿಸಿಯ ನಮೂನೆಯನ್ನೂ ಕೇಳಿ ಪಡೆಯಿರಿ. ನನಗೆ ಕಳಿಸಿದರೆ 'ಎಕ್ಸ್‌ಕ್ಲೂಶನ್ಸ್' (ಯಾವುದಕ್ಕೆ ವಿಮೆ ಕೊಡುವುದಿಲ್ಲ) ಎಂದಿರುವ ಪುಟಗಳನ್ನು ಒಂದು ಸಂಜೆ ಇಬ್ಬರೂ ಫೋನಿನಲ್ಲಿ ಕೂತು ಸಾಲುಸಾಲಾಗಿ ಓದೋಣ.