ಇತಿಹಾಸದ 297 ವರ್ಷಗಳು ನಡೆದೇ ಇಲ್ಲ ಎನ್ನುತ್ತಾರಲ್ಲ, ನಿಜವೇ?

ನಿಜವಲ್ಲ. ಜರ್ಮನಿಯ ಲೇಖಕ ಹೆರಿಬರ್ಟ್ ಇಲ್ಲಿಗ್ 1990ರ ದಶಕದಲ್ಲಿ ಮುಂದಿಟ್ಟ ವಾದವಿದು: ಕ್ರಿ.ಶ. 614ರಿಂದ 911ರವರೆಗಿನ ಕಾಲ ಬರೀ ಕಟ್ಟುಕಥೆ, ಚಕ್ರವರ್ತಿ ಶಾರ್ಲಮೇನ್ ಕೂಡ ಕಲ್ಪಿತ ವ್ಯಕ್ತಿ. ಸಾವಿರನೆಯ ಇಸವಿಯಲ್ಲಿ ತಾನೇ ಆಳಬೇಕೆಂಬ ಆಸೆಗೆ ಪವಿತ್ರ ರೋಮನ್ ಚಕ್ರವರ್ತಿ ಮೂರನೆಯ ಆಟೋ ಇಸವಿಯನ್ನೇ ಮುಂದಕ್ಕೆ ತಳ್ಳಿಸಿದನಂತೆ.

ಲೆಕ್ಕ ಮೇಲ್ನೋಟಕ್ಕೆ ಚುರುಕಾಗಿಯೇ ಇದೆ. ಜೂಲಿಯನ್ ಕ್ಯಾಲೆಂಡರ್ ಸುಮಾರು 128 ವರ್ಷಕ್ಕೆ ಒಂದು ದಿನ ತಪ್ಪುತ್ತದೆ. ಸೀಸರ್ ಅದನ್ನು ಜಾರಿಗೆ ತಂದ ಕ್ರಿ.ಪೂ. 45ರಿಂದ 1582ರವರೆಗೆ ಹೆಚ್ಚುಕಡಿಮೆ ಹದಿಮೂರು ದಿನಗಳ ವ್ಯತ್ಯಾಸ ಬರಬೇಕು. ಆ ವರ್ಷ ಕ್ಯಾಲೆಂಡರ್ ಸರಿಪಡಿಸುವಾಗ ಪೋಪ್ ಗ್ರೆಗರಿ ಕೈಬಿಟ್ಟದ್ದು ಹತ್ತೇ ದಿನ. ಉಳಿದ ಮೂರು ದಿನವೆಂದರೆ ಮೂರು ಶತಮಾನದ ಮೋಸ! ಎಡವಿದ್ದು ಇಲ್ಲೇ. ಗ್ರೆಗರಿಗೆ ಬೇಕಿದ್ದುದು ಸೀಸರನ ಕಾಲದ ವಿಷುವ (ಹಗಲು-ರಾತ್ರಿ ಸಮವಾಗುವ ದಿನ) ಅಲ್ಲ, 325ರ ನೈಸಿಯಾ ಧರ್ಮಸಭೆಯ ಕಾಲದ ಮಾರ್ಚ್ 21. ಅಲ್ಲಿಂದ ಎಣಿಸಿದರೆ ಹತ್ತು ದಿನವೇ ಸರಿ.

ಯುರೋಪಿನ ಕಡತಗಳನ್ನೆಲ್ಲ ತಿದ್ದಿದರೆಂದೇ ಇಟ್ಟುಕೊಳ್ಳೋಣ. 837ರಲ್ಲಿ ಹ್ಯಾಲಿ ಧೂಮಕೇತುವನ್ನು ಕಂಡು ಬರೆದಿಟ್ಟ ಚೀನಾದ ಖಗೋಳಜ್ಞರಿಗೆ ಆಟೋ ಯಾರು? ಮರಗಳ ವಾರ್ಷಿಕ ಉಂಗುರಗಳ ಸರಣಿಯಲ್ಲೂ ಎಲ್ಲಿಯೂ ಮೂರು ಶತಮಾನ ಕಡಿಮೆ ಬಿದ್ದಿಲ್ಲ. ನಮ್ಮ ಐಹೊಳೆ ಶಾಸನವಂತೂ ಶಕ 556ರದು, ಅಂದರೆ 634. ಇಲ್ಲಿಗ್ ಪ್ರಕಾರ, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ರವಿಕೀರ್ತಿ ಹೊಗಳಿ ಬರೆದದ್ದು ಇಲ್ಲದ ವರ್ಷದಲ್ಲಿ.