ಐದು ಡಾಲರ್ ಯಾಕೆ ಬಂತು? ಫೋರ್ಡ್ ಬಗ್ಗೆ ಬರೆದವರಿಗೆ ಒಂದು ಪತ್ರ

ಪ್ರಿಯರೇ,

ನಮಸ್ಕಾರ. ಫೋರ್ಡ್ ಮೋಟಾರ್ ಕಂಪನಿಯ ಇತಿಹಾಸ ಕುರಿತು ನೀವು ಕಳಿಸಿದ ‘ಚಕ್ರಗಳ ಚಕ್ರವರ್ತಿ’ ಲೇಖನ ಓದಿದೆ. ನಿಮ್ಮ ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪಿಲ್ಲ. ಕಂಪನಿ 1908ರಲ್ಲಿ ತಂದ ಮಾಡೆಲ್ ಟಿ ಕಾರು ಹಳ್ಳಿಯ ಕೆಸರು ರಸ್ತೆಯಲ್ಲಿ ಹತ್ತಿ ಇಳಿಯುವ ಭಾಗ ನನಗೆ ಇಷ್ಟವಾಯಿತು. ಆದರೆ ಲೇಖನವನ್ನು ಹೀಗೇ ಪ್ರಕಟಿಸಲು ಆಗುವುದಿಲ್ಲ.

ಇಂಥ ಸಂದರ್ಭದಲ್ಲಿ ಎರಡು ಸಾಲು ಬರೆದು ಮುಗಿಸುವುದು ನನ್ನ ರೂಢಿ. ನಿಮ್ಮ ಲೇಖನವನ್ನು ಹಾಗೆ ಬದಿಗಿಡಲು ಮನಸ್ಸು ಬರಲಿಲ್ಲ. ಮೂರನೇ ಪುಟ ಓದುವಾಗ ನಿಜಕ್ಕೂ ಸಿಟ್ಟು ಬಂತು. ಅಲ್ಲಿ ಎರಡು ಪ್ಯಾರಾಗಳು ಒಂದರ ಕೆಳಗೆ ಒಂದು ಇವೆ. ಮೊದಲನೆಯದು 1913ರ ಅಸೆಂಬ್ಲಿ ಲೈನ್ ಬಗ್ಗೆ, ಅಂದರೆ ಸಾಲಾಗಿ ನಿಂತವರ ಮುಂದೆ ವಸ್ತು ಸಾಗುತ್ತಾ ಹೋಗಿ ಒಬ್ಬೊಬ್ಬರು ಒಂದೊಂದು ಭಾಗ ಜೋಡಿಸುವ ಪದ್ಧತಿಯ ಬಗ್ಗೆ. ಎರಡನೆಯದು 1914ರಲ್ಲಿ ಬಂದ ದಿನಕ್ಕೆ ಐದು ಡಾಲರ್ ಸಂಬಳದ ಬಗ್ಗೆ. ಕೆಳಗಿನದಕ್ಕೆ ಕಾರಣ ಮೇಲಿನದರಲ್ಲೇ ಇದೆ. ನೀವು ಅದನ್ನು ನೋಡದೆ ದಾಟಿದ್ದೀರಿ. ಉಳಿದದ್ದನ್ನೆಲ್ಲ ಸದ್ಯಕ್ಕೆ ಬಿಟ್ಟು ಇದೊಂದನ್ನೇ ಸಾಲು ಸಾಲಾಗಿ ನೋಡೋಣ.

ನಿಮ್ಮ ಮೊದಲ ಸಾಲು: “1913ರಲ್ಲಿ ಹೆನ್ರಿ ಫೋರ್ಡ್ ಅವರ ಪ್ರತಿಭೆಯಿಂದ ಅಸೆಂಬ್ಲಿ ಲೈನ್ ಹುಟ್ಟಿತು.”

ಒಬ್ಬರ ತಲೆಯಿಂದ ಅದು ಹಾಗೆ ಹುಟ್ಟಲಿಲ್ಲ. ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿದ್ದ ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ನಡೆಸುತ್ತಿದ್ದ ಚಾರ್ಲ್ಸ್ ಸೊರೆನ್ಸನ್, ಪೀಟರ್ ಮಾರ್ಟಿನ್, ಕ್ಲಾರೆನ್ಸ್ ಏವರಿ, ವಿಲಿಯಂ ಕ್ಲಾನ್ ಇದ್ದರು. ಕ್ಲಾನ್ ಶಿಕಾಗೋದ ಕಸಾಯಿಖಾನೆ ನೋಡಿ ಬಂದಿದ್ದರು. ಅಲ್ಲಿ ದನದ ದೇಹ ಕೊಕ್ಕೆಗೆ ನೇತುಬಿದ್ದು ಮುಂದೆ ಸಾಗುತ್ತದೆ. ಕೆಲಸಗಾರರು ನಿಂತ ಜಾಗದಲ್ಲೇ ನಿಂತು ಒಬ್ಬೊಬ್ಬರು ಒಂದೊಂದು ಭಾಗ ಕತ್ತರಿಸಿ ತೆಗೆಯುತ್ತಾರೆ. ಹಾಗೆ ಬಿಚ್ಚಬಹುದಾದರೆ ಹಾಗೇ ಜೋಡಿಸಲೂಬಹುದು ಅನ್ನುವುದು ಅವರಿಗೆ ಹೊಳೆದ ವಿಚಾರ. ನಿಮ್ಮ ಲೇಖನದಲ್ಲಿ ಇವರಲ್ಲಿ ಒಬ್ಬರ ಹೆಸರೂ ಇಲ್ಲ.

ಎರಡನೇ ಸಾಲು: “ಇದರಿಂದ ಉತ್ಪಾದನೆಯಲ್ಲಿ ಅದ್ಭುತ ಕ್ರಾಂತಿಯಾಯಿತು.”

ಏನಾಯಿತು ಅಂತ ಈ ಸಾಲಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ಖಾನೆಯ ಒಂದು ಮೂಲೆಗೆ ಹೋಗಿ ನೋಡಿ. 1913ರ ಏಪ್ರಿಲ್‌ನಲ್ಲಿ ಮೊದಲ ಪ್ರಯೋಗ ನಡೆದದ್ದು ಫ್ಲೈವೀಲ್ ಮ್ಯಾಗ್ನೆಟೊ ವಿಭಾಗದಲ್ಲಿ. ಇಂಜಿನ್ನಿಗೆ ಕಿಡಿ ಕೊಡುವ ಭಾಗ ಅದು. ಫ್ಲೈವೀಲ್ ಅಂದರೆ ಇಂಜಿನ್ ತಿರುಗಿಸುವ ಭಾರದ ಚಕ್ರ, ಅದಕ್ಕೆ ಹದಿನಾರು ಅಯಸ್ಕಾಂತಗಳನ್ನು ಕೂರಿಸಬೇಕು. ಅಲ್ಲಿಯವರೆಗೆ ಒಬ್ಬನೇ ಬೆಂಚಿನ ಮುಂದೆ ನಿಂತು ಪೂರ್ತಿ ಜೋಡಿಸುತ್ತಿದ್ದ. ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆ ಕೆಲಸವನ್ನು 29 ತುಂಡು ಮಾಡಿ 29 ಜನಕ್ಕೆ ಹಂಚಿದರು. 13 ನಿಮಿಷ 10 ಸೆಕೆಂಡಿಗೆ ಇಳಿಯಿತು. ಆಮೇಲೆ ಲೈನನ್ನು ಎಂಟು ಇಂಚು ಎತ್ತರಿಸಿದರು. ಬಗ್ಗುವುದು ತಪ್ಪಿತು, ಏಳು ನಿಮಿಷಕ್ಕೆ ಬಂತು. ವೇಗವನ್ನು ಇನ್ನಷ್ಟು ಸರಿಪಡಿಸಿ ಐದು ನಿಮಿಷಕ್ಕೆ ತಂದರು. ಅದೇ ವರ್ಷ ಚಾಸಿ, ಅಂದರೆ ಕಾರಿನ ಕೆಳಗಿನ ಚೌಕಟ್ಟಿನ ಜೋಡಣೆಗೂ ಇದೇ ಪದ್ಧತಿ ಬಂತು. ಹನ್ನೆರಡೂವರೆ ಗಂಟೆಯ ಕೆಲಸ 1914ರ ಹೊತ್ತಿಗೆ 93 ನಿಮಿಷಕ್ಕೆ ಇಳಿಯಿತು.

ಆ ಎಂಟು ಇಂಚನ್ನು ಸ್ವಲ್ಪ ಹೊತ್ತು ಯೋಚಿಸಿ. ಬೆನ್ನು ನೋವು ಕಡಿಮೆಯಾಯಿತು, ಸರಿ. ಜೊತೆಗೆ ಬಗ್ಗಿ ಏಳುವಾಗ ಸಿಗುತ್ತಿದ್ದ ಆ ಚೂರು ಬಿಡುವೂ ಹೋಯಿತು. ನಿನ್ನೆವರೆಗೆ ಪೂರ್ತಿ ಮ್ಯಾಗ್ನೆಟೊ ಮಾಡಿ ಕೊಡುತ್ತಿದ್ದವನು ಇವತ್ತು ಬೆಳಗ್ಗಿಂದ ಸಂಜೆವರೆಗೆ ಒಂದೇ ನಟ್ಟು ತಿರುಗಿಸುತ್ತಾನೆ. ಅವನ ಕೈಯ ವೇಗವನ್ನು ಈಗ ಲೈನ್ ತೀರ್ಮಾನಿಸುತ್ತದೆ.

ಅವನು ಏನು ಮಾಡಿದ? ಕೆಲಸ ಬಿಟ್ಟು ಹೋದ. ಇದನ್ನೇ ನೀವು ಬರೆಯಬೇಕಿತ್ತು! 1913ರಲ್ಲಿ ಕಂಪನಿಯಲ್ಲಿ ಕೆಲಸ ಬಿಡುವವರ ಪ್ರಮಾಣ ಶೇ 370. ಸುಮಾರು 14,000 ಜನರ ಕಾರ್ಖಾನೆ ನಡೆಸಲು ವರ್ಷದಲ್ಲಿ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಂದವನಿಗೆ ಕೆಲಸ ಹೇಳಿಕೊಡುವಷ್ಟರಲ್ಲಿ ಅವನು ಗೇಟು ದಾಟಿರುತ್ತಿದ್ದ. ಡೆಟ್ರಾಯಿಟ್‌ನಲ್ಲಿ ಬೇರೆ ಕಾರ್ಖಾನೆಗಳು ಬೇಕಾದಷ್ಟಿದ್ದವು. ಅದೇ ವರ್ಷ ಯೂನಿಯನ್ ಕಟ್ಟುವವರೂ ಹೈಲ್ಯಾಂಡ್ ಪಾರ್ಕ್ ಗೇಟಿನ ಮುಂದೆ ಭಾಷಣ ಶುರು ಮಾಡಿದ್ದರು.

ಈಗ ನಿಮ್ಮ ಕೆಳಗಿನ ಪ್ಯಾರಾಕ್ಕೆ ಬನ್ನಿ.

“ಕಾರ್ಮಿಕರ ಕಷ್ಟ ಕಂಡು ಮರುಗಿದ ಫೋರ್ಡ್, 1914ರ ಜನವರಿ 5ರಂದು ದಿನಗೂಲಿಯನ್ನು ಐದು ಡಾಲರಿಗೆ ಏರಿಸಿದರು.”

ದಿನಾಂಕ ಸರಿ. ಮರುಗಿದರು ಅನ್ನುವುದಕ್ಕೆ ಆಧಾರ ಏನು? ಹತ್ತು ಸಾಲು ಮೇಲೆ ಹೋಗಿ. ಜನ ನಿಲ್ಲುತ್ತಿಲ್ಲ. ಲೈನ್ ನಿಲ್ಲುವಂತಿಲ್ಲ. ಒಬ್ಬ ಬರದಿದ್ದರೆ ಅವನ ಹಿಂದಿನವರೂ ಮುಂದಿನವರೂ ಕೈ ಕಟ್ಟಿ ನಿಲ್ಲಬೇಕು. ಅಂಥ ಕಾರ್ಖಾನೆಗೆ ದಿನಾ ಬರುವ ಜನ ಬೇಕು. ಹಾಗಾಗಿ ಒಂಬತ್ತು ಗಂಟೆಗೆ 2.34 ಡಾಲರ್ ಇದ್ದದ್ದು ಎಂಟು ಗಂಟೆಗೆ ಐದು ಡಾಲರ್ ಆಯಿತು. ವ್ಯವಹಾರ ನೋಡಿಕೊಳ್ಳುತ್ತಿದ್ದ ಜೇಮ್ಸ್ ಕೌಜೆನ್ಸ್ ಅವರ ಪಾತ್ರ ಇದರಲ್ಲಿ ದೊಡ್ಡದು. ಇದು ಖರ್ಚು ಇಳಿಸಲು ನಾವು ಮಾಡಿದ ಅತಿ ಒಳ್ಳೆಯ ಕೆಲಸಗಳಲ್ಲಿ ಒಂದು ಅಂತ ಫೋರ್ಡ್ ಅವರೇ 1922ರ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಲೆಕ್ಕವೂ ಅದನ್ನೇ ಹೇಳುತ್ತದೆ. 1915ರ ಹೊತ್ತಿಗೆ ಕೆಲಸ ಬಿಡುವವರ ಪ್ರಮಾಣ ಶೇ 16ಕ್ಕೆ ಇಳಿದಿತ್ತು. ಅವರಿಗೆ ಕಾರ್ಮಿಕರ ಮೇಲೆ ಕಾಳಜಿಯೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಕಾಳಜಿಯನ್ನು ಕಾರಣ ಅಂತ ಬರೆಯುವ ಮೊದಲು ಕಣ್ಣೆದುರಿಗೇ ಇರುವ ಕಾರಣವನ್ನು ಬರೆಯಿರಿ ಅನ್ನುತ್ತಿದ್ದೇನೆ.

“ಅಂದಿನಿಂದ ಪ್ರತಿ ಕಾರ್ಮಿಕನ ಕೈಗೂ ಐದು ಡಾಲರ್ ಬರತೊಡಗಿತು.”

ಇಲ್ಲ. ಹಳೆಯ ಕೂಲಿ ಕೂಲಿಯಾಗೇ ಉಳಿಯಿತು, ಮೇಲಿನದು ಲಾಭದ ಪಾಲು. ಅದಕ್ಕೆ ಷರತ್ತುಗಳಿದ್ದವು. ಆರು ತಿಂಗಳು ಕೆಲಸ ಮಾಡಿರಬೇಕು. ಮದುವೆಯಾದವನು ಸಂಸಾರದ ಜೊತೆ ಇರಬೇಕು. ಮದುವೆಯಾಗದವನು 22 ದಾಟಿರಬೇಕು, ದುಡ್ಡು ಹಾಳು ಮಾಡಬಾರದು. ಹೆಂಗಸರಿಗೆ 1916ರವರೆಗೆ ಈ ಪಾಲು ಸಿಗಲಿಲ್ಲ. ಇದನ್ನೆಲ್ಲ ಪರೀಕ್ಷೆ ಮಾಡಲು ಸೋಷಿಯಲಾಜಿಕಲ್ ಡಿಪಾರ್ಟ್‌ಮೆಂಟ್ ಅಂತ ಒಂದು ವಿಭಾಗವನ್ನೇ ತೆರೆದರು. ಅಲ್ಲಿಯವರು ಮನೆ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ಮನೆ ಚೊಕ್ಕಟವಾಗಿದೆಯಾ, ಗಂಡ ಕುಡಿಯುತ್ತಾನಾ, ಬ್ಯಾಂಕಿನಲ್ಲಿ ಎಷ್ಟಿದೆ, ಬಾಡಿಗೆಗೆ ಯಾರನ್ನಾದರೂ ಇಟ್ಟುಕೊಂಡಿದ್ದೀರಾ. ಉತ್ತರ ಸರಿಬೀಳದಿದ್ದರೆ ಲಾಭದ ಪಾಲು ನಿಲ್ಲುತ್ತಿತ್ತು. ಲೈನಿನ ಮೇಲಿನ ಹಿಡಿತ ಈಗ ಅಡುಗೆಮನೆವರೆಗೂ ಬಂತು, ಅಲ್ವಾ?

“ಇಡೀ ಡೆಟ್ರಾಯಿಟ್ ಸಂಭ್ರಮಿಸಿತು.”

ಘೋಷಣೆಯಾದ ಒಂದು ವಾರಕ್ಕೆ, ಕೊರೆಯುವ ಚಳಿಯಲ್ಲಿ, ಕೆಲಸ ಕೇಳಿಕೊಂಡು ಸಾವಿರಾರು ಜನ ಗೇಟಿನ ಮುಂದೆ ಸೇರಿದ್ದರು. ಎಷ್ಟೋ ಜನ ಬೇರೆ ಊರುಗಳಿಂದ ರೈಲು ಹತ್ತಿ ಬಂದವರು. ನೂಕುನುಗ್ಗಲಾಯಿತು. ಅವರ ಮೇಲೆ ಬೆಂಕಿ ಆರಿಸುವ ಪೈಪಿನಿಂದ ನೀರು ಹಾಯಿಸಿ ಚದುರಿಸಿದರು. ಸಂಭ್ರಮದ ಜೊತೆ ಇದನ್ನೂ ಬರೆಯಬೇಕು.

“ತನ್ನ ಕಾರನ್ನು ತನ್ನ ಕೆಲಸಗಾರರೇ ಕೊಳ್ಳಲಿ ಅನ್ನುವುದು ಅವರ ಆಸೆಯಾಗಿತ್ತು.”

ಈ ಮಾತನ್ನು ಎಲ್ಲರೂ ಬರೆಯುತ್ತಾರೆ. ಸುಮ್ನೆ ಒಮ್ಮೆ ಲೆಕ್ಕ ಹಾಕಿ. ಕಂಪನಿ ಆಗ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಕಾರು ಮಾಡುತ್ತಿತ್ತು. ಹದಿನಾಲ್ಕು ಸಾವಿರ ಕೆಲಸಗಾರರು ತಲೆಗೊಂದು ಕೊಂಡರೂ ಅದು ಒಂದು ತಿಂಗಳ ಮಾಲಷ್ಟೇ. ಅವರಲ್ಲಿ ಕೆಲವರು ಮುಂದೆ ಕಾರು ಕೊಂಡಿರಬಹುದು. ಸಂಬಳ ಏರಿಸಲು ಅದು ಕಾರಣ ಆಗಲಾರದು.

ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಅಂತ ಹೇಳುತ್ತೇನೆ. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಕೊನೆ ಅದು. ಒಮ್ಮೆ ಬಟ್ಟೆ ಗಿರಣಿಯೊಂದರಿಂದ ಪ್ರಕಟಣೆ ಬಂತು. ಈ ವರ್ಷ ಕಾರ್ಮಿಕರಿಗೆ ಹೆಚ್ಚು ಬೋನಸ್ ಕೊಡುತ್ತಿದ್ದೇವೆ, ಮಾಲೀಕರು ದೊಡ್ಡ ಮನಸ್ಸು ಮಾಡಿದ್ದಾರೆ ಅಂತ. ಅದನ್ನು ಸುದ್ದಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಹಿರಿಯ ಸಂಪಾದಕರು ಕಾಗದ ನೋಡಿ, “ಹೋದ ವರ್ಷ ಯಾಕೆ ಕೊಡಲಿಲ್ಲಂತೆ? ಕೇಳ್ಕೊಂಡು ಬಾ, ಆಮೇಲೆ ಬರಿ” ಅಂದರು. ಪಾಳಿ ಬದಲಾಗುವ ಹೊತ್ತಿಗೆ ಗಿರಣಿಯ ಎದುರಿನ ಚಹಾ ಅಂಗಡಿಯಲ್ಲಿ ಕೂತೆ. ಬಂದ ನೇಕಾರರೆಲ್ಲ ಒಂದೇ ಮಾತು ಹೇಳಿದರು. ಪಕ್ಕದ ಊರಿನಲ್ಲಿ ಪವರ್‌ಲೂಮ್‌ಗಳು ಬಂದಿವೆ, ಚೆನ್ನಾಗಿ ಕೆಲಸ ಬಲ್ಲವರು ಆ ಕಡೆ ಹೊರಟಿದ್ದಾರೆ. ಒಬ್ಬರು ತಮ್ಮ ಸಾಲಿನಲ್ಲಿ ಖಾಲಿ ಬಿದ್ದ ಮಗ್ಗಗಳನ್ನು ಬೆರಳು ಮಡಿಸಿ ಎಣಿಸಿ ಹೇಳಿದರು. ಸುದ್ದಿಯಲ್ಲಿ ಬೋನಸ್ಸೂ ಬಂತು, ಖಾಲಿ ಮಗ್ಗಗಳೂ ಬಂದವು. ಸಂಪಾದಕರು ಒಂದಕ್ಷರ ತಿದ್ದದೆ ಅಚ್ಚಿಗೆ ಕಳಿಸಿದರು. ಆವತ್ತಿನಿಂದ ಯಾರೋ ಏನೋ ಕೊಟ್ಟರು ಅಂತ ಓದಿದರೆ ನನ್ನ ಮನಸ್ಸು ಮೊದಲು ಗೇಟಿನ ಹೊರಗೆ ಹೋಗುತ್ತದೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ನಿಮ್ಮ ಲೇಖನ ಶುರುವಾಗುವುದೇ ಫೋರ್ಡ್ ಅವರ ಹೆಸರಿನಲ್ಲಿ ಓಡಾಡುವ ಒಂದು ಮಾತಿನಿಂದ: “ಏನು ಬೇಕು ಅಂತ ಜನರನ್ನು ಕೇಳಿದ್ದರೆ, ಇನ್ನೂ ಜೋರಾಗಿ ಓಡುವ ಕುದುರೆ ಬೇಕು ಅನ್ನುತ್ತಿದ್ದರು.” ಅವರು ಬದುಕಿದ್ದ ಕಾಲದ ಯಾವ ದಾಖಲೆಯಲ್ಲೂ ಈ ಮಾತು ಸಿಕ್ಕಿಲ್ಲ. ಅವರು ತೀರಿಕೊಂಡು ದಶಕಗಳಾದ ಮೇಲೆ ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಅದು ಜನಪ್ರಿಯವಾಯಿತು. ಅದನ್ನು ತೆಗೆಯಿರಿ. “ಕಪ್ಪು ಬಣ್ಣ ಆಗುವುದಾದರೆ ಯಾವ ಬಣ್ಣ ಬೇಕಾದರೂ ತಗೊಳ್ಳಿ” ಅನ್ನುವ ಮಾತು ಅವರ ಆತ್ಮಕಥೆಯಲ್ಲಿದೆ, ಇಟ್ಟುಕೊಳ್ಳಿ. ಆದರೆ ಮೊದಲಿನಿಂದಲೂ ಮಾಡೆಲ್ ಟಿ ಕಪ್ಪಾಗೇ ಇತ್ತು ಅಂತ ನೀವು ಬರೆದಿದ್ದೀರಿ. 1908ರಿಂದ ಕೆಲವು ವರ್ಷ ಅದು ಕೆಂಪು, ಹಸಿರು, ಬೂದು ಬಣ್ಣಗಳಲ್ಲಿ ಬರುತ್ತಿತ್ತು. ಬರೀ ಕಪ್ಪು ಆದದ್ದು 1914ರಿಂದ 1925ರವರೆಗೆ. ಲೈನ್ ಓಡತೊಡಗಿದ ಮೇಲೆ ಅನ್ನುವುದನ್ನು ಗಮನಿಸಿ.

ಮಾತು ಬೇಕಿದ್ದರೆ ನಿಜವಾದದ್ದೇ ಇದೆ. 1914ರ ಜನವರಿಯಲ್ಲಿ, ಐದು ಡಾಲರ್ ಘೋಷಣೆಯಾದ ಕೆಲವೇ ದಿನಕ್ಕೆ, ಕಾರ್ಮಿಕನೊಬ್ಬನ ಹೆಂಡತಿ ಹೆಸರು ಹಾಕದೆ ಫೋರ್ಡ್ ಅವರಿಗೆ ಕಾಗದ ಬರೆದಳು. ನಿಮ್ಮ ಈ ಚೈನ್ ಪದ್ಧತಿ ಜೀತ ಮಾಡಿಸುತ್ತದೆ ಅಂದಳು. ನನ್ನ ಗಂಡ ಮನೆಗೆ ಬಂದವನೇ ಬಿದ್ದುಕೊಂಡ, ರಾತ್ರಿ ಊಟಕ್ಕೂ ಏಳಲಿಲ್ಲ, ಅಷ್ಟು ಸುಸ್ತಾಗಿದ್ದ ಅಂತ ಬರೆದಳು. ಆ ಐದು ಡಾಲರ್ ನಿಮಗೆ ಗೊತ್ತಿರುವುದಕ್ಕಿಂತ ದೊಡ್ಡ ವರ, ಆದರೆ ಅವರು ಅದನ್ನು ದುಡಿದೇ ಪಡೆಯುತ್ತಾರೆ ಅಂದಳು. ನೀವು ಎರಡು ಪ್ಯಾರಾಗಳಲ್ಲಿ ಬೇರೆ ಬೇರೆ ಇಟ್ಟ ಲೈನ್ ಮತ್ತು ಸಂಬಳ ಅವಳ ಕಾಗದದಲ್ಲಿ ಒಂದೇ ಉಸಿರಿಗೆ ಬಂದಿವೆ. ಈ ಕಾಗದ ಇರುವಾಗ ಆ ಕುದುರೆಯ ಮಾತು ನಿಮಗೆ ಯಾಕೆ ಬೇಕು?

ಒಂದೇ ಒಂದು ಕಡೆ ಮುಂದಿನ ಪುಟಕ್ಕೂ ಕೈ ಹಾಕುತ್ತೇನೆ. “ಫೋರ್ಡ್ ಕೊನೆಯವರೆಗೂ ಕಾರ್ಮಿಕರ ಗೆಳೆಯರಾಗಿದ್ದರು” ಅಂತ ಬರೆದು ನೀವು ನೇರವಾಗಿ 1964ರ ಮಸ್ಟಾಂಗ್ ಕಾರಿಗೆ ಹೋಗಿದ್ದೀರಿ. ನಡುವೆ 1937ರ ಮೇ 26 ಇದೆ. ಫೋರ್ಡ್‌ನ ರೂಜ್ ಕಾರ್ಖಾನೆಯ ಮೇಲ್ಸೇತುವೆಯಲ್ಲಿ ಕರಪತ್ರ ಹಂಚಲು ಬಂದ ಯೂನಿಯನ್ ಮುಖಂಡ ವಾಲ್ಟರ್ ರಾಯ್ಥರ್ ಮತ್ತು ಜೊತೆಯವರನ್ನು ಕಂಪನಿಯ ಕಾವಲು ಪಡೆ ಹೊಡೆದು ಕೆಳಗೆ ತಳ್ಳಿತು. ಪತ್ರಿಕಾ ಛಾಯಾಗ್ರಾಹಕರು ಇದ್ದದ್ದರಿಂದ ಅದು ಜಗತ್ತಿಗೆ ಗೊತ್ತಾಯಿತು. ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ 1937ರಲ್ಲೇ ಯೂನಿಯನ್ ಒಪ್ಪಿದ್ದವು. ಫೋರ್ಡ್ ಒಪ್ಪಿದ್ದು 1941ರಲ್ಲಿ, ಮುಷ್ಕರ ಆದ ಮೇಲೆ. ಆ ವಾಕ್ಯ ಹೋಗಲೇಬೇಕು.

ಈಗ ಏನು ಮಾಡಬೇಕು ಅಂದರೆ, ನೂರಿಪ್ಪತ್ತು ವರ್ಷದ ಇತಿಹಾಸ ಬಿಡಿ. 1913ರ ಏಪ್ರಿಲ್‌ನಿಂದ 1914ರ ಕೊನೆವರೆಗೆ ಮಾತ್ರ ಬರೆಯಿರಿ. ನೀವು ಮಿಷಿಗನ್‌ನಲ್ಲೇ ಕೆಲಸದಲ್ಲಿರುವುದಾಗಿ ಪತ್ರದಲ್ಲಿ ತಿಳಿಸಿದ್ದೀರಿ. ಬೆಂಗಳೂರಿನಲ್ಲಿ ಕೂತ ನನಗೆ ಇಲ್ಲದ ಅನುಕೂಲ ಅದು. ಮಾಡೆಲ್ ಟಿ ಹುಟ್ಟಿದ ಪಿಕೆಟ್ ಅವೆನ್ಯೂ ಕಟ್ಟಡ ಡೆಟ್ರಾಯಿಟ್‌ನಲ್ಲಿ ಈಗ ಮ್ಯೂಸಿಯಂ ಆಗಿದೆ. ಅಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಡಿಯರ್‌ಬಾರ್ನ್‌ನ ಬೆನ್ಸನ್ ಫೋರ್ಡ್ ಸಂಶೋಧನಾ ಕೇಂದ್ರದಲ್ಲಿ ಹಳೆಯ ಕೆಲಸಗಾರರ ನೆನಪುಗಳನ್ನು ಬರೆದಿಟ್ಟಿದ್ದಾರೆ. 1950ರ ದಶಕದಲ್ಲಿ ಅವರನ್ನೇ ಕೂರಿಸಿಕೊಂಡು ಕೇಳಿ ದಾಖಲಿಸಿದ್ದು. ಕ್ಲಾನ್ ಅವರದೂ ಅದರಲ್ಲಿದೆ. ಮೊದಲು ಅವರದನ್ನು ಓದಿ.

ಹೊಸ ಲೇಖನ ಎರಡು ಸಾವಿರ ಪದ ಮೀರುವುದು ಬೇಡ. ಶೀರ್ಷಿಕೆಯಲ್ಲಿ ಚಕ್ರವರ್ತಿ ಬೇಡ. ಮ್ಯಾಗ್ನೆಟೊ ಬೆಂಚಿನಿಂದ ಶುರು ಮಾಡಿ ನನಗೇ ನೇರವಾಗಿ ಕಳಿಸಿ. ಬಂದ ದಿನವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ