"ಎಲ್ಲಾ ನಿನ್ನ ಹೊಟ್ಟೆಕಿಚ್ಚು" ಅಂದ ಮೇಲೆ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ.

ಆಕೆ ನನ್ನ ಹತ್ತಿರ ಸಲಹೆಗೆ ಬಂದಿದ್ದು ನಿದ್ದೆ ಬರಲ್ಲ ಅಂತ. "ನನಗೆ ಹೊಟ್ಟೆಕಿಚ್ಚು" ಅಂತ ಹೇಳಿಕೊಂಡು ಬರುವವರು ತುಂಬಾ ಕಡಿಮೆ. ನಿದ್ದೆ, ತಲೆನೋವು, ಇಲ್ಲಾ "ಅವಳಿಗೆ ಈಗ ಕೊಬ್ಬು ಜಾಸ್ತಿ" ಅನ್ನೋ ದೂರು ಮೊದಲು ಬರುತ್ತದೆ. ಒಟ್ಟಿಗೇ ಕೆಲಸಕ್ಕೆ ಸೇರಿದ ಗೆಳತಿಗೆ ಬಡ್ತಿ ಸಿಕ್ಕಿತ್ತು. ಆಮೇಲಿಂದ ಈಕೆ ಅವಳ ಫೋನ್ ಎತ್ತುತ್ತಿಲ್ಲ, ಸ್ಟೇಟಸ್ ಮಾತ್ರ ದಿನಾ ನೋಡುತ್ತಾರೆ. ಮನೆಯಲ್ಲಿ ಹೇಳಿಕೊಂಡರೆ ಗಂಡ "ಸುಮ್ನಿರು, ಎಲ್ಲಾ ನಿನ್ನ ಹೊಟ್ಟೆಕಿಚ್ಚು" ಅಂದುಬಿಟ್ಟರು. ಅಲ್ಲಿಗೆ ಮಾತು ನಿಂತಿತು.

ಈ ಪದವನ್ನು ನಾವು ಹೆಚ್ಚಾಗಿ ಬಳಸುವುದೇ ಹೀಗೆ, ಎದುರಿನವರ ಬಾಯಿ ಮುಚ್ಚಿಸೋಕೆ. ಅವರ ದೂರಿನಲ್ಲಿ ನಿಜ ಇದೆಯಾ ಅಂತ ಆಮೇಲೆ ಯಾರೂ ಕೇಳಲ್ಲ. ಇಲ್ಲಿ ನಿಜ ಇತ್ತು. ಇಬ್ಬರೂ ಸೇರಿ ಮಾಡಿದ ವರದಿಯಲ್ಲಿ ಈಕೆಯ ಹೆಸರೇ ಇರಲಿಲ್ಲ.

ಇದೇ ಬಡ್ತಿ ಪರಿಚಯವೇ ಇಲ್ಲದವರಿಗೆ ಸಿಕ್ಕಿದ್ದರೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು "ಇಷ್ಟು ಉರಿಯುತ್ತಿರಲಿಲ್ಲ" ಅಂದರು. ಅಂದರೆ ಅನ್ಯಾಯವೂ ಆಗಿದೆ, ಕಿಚ್ಚೂ ಇದೆ. ವಯಸ್ಸು, ಸ್ಥಾನದಲ್ಲಿ ತಮಗೆ ಸಮನಾದವರನ್ನು ಕಂಡೇ ಜನ ಕರುಬುತ್ತಾರೆ ಅಂತ ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದ. ನಾವು ನಮ್ಮನ್ನು ಅಳೆದುಕೊಳ್ಳೋದು ನಮ್ಮಂಥವರ ಜೊತೆಗೇ ಅಂತ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಇದನ್ನು ಕೇಳಿ ಆಕೆಗೆ ಸ್ವಲ್ಪ ಸಮಾಧಾನ ಆಯಿತು. ತಾನೇ ಕೆಟ್ಟವಳು ಅಂದುಕೊಂಡು ಕೂತಿದ್ದರು, ಪಾಪ.

ಕೊಟ್ಟ ಸಲಹೆ: ಹೆಸರು ಬಿಟ್ಟುಹೋದ ಬಗ್ಗೆ ಮೇಲಧಿಕಾರಿ ಹತ್ತಿರ ಮಾತಾಡಿ, ಅಲ್ಲಿ ಬಡ್ತಿಯ ವಿಷಯ ಎತ್ತಬೇಡಿ. ಸ್ಟೇಟಸ್ ಮ್ಯೂಟ್ ಮಾಡಿ. ಗೆಳತಿಯ ಮುಂದೆ "ನಿನ್ನ ಕಂಡು ಹೊಟ್ಟೆ ಉರೀತಿತ್ತು" ಅಂತ ಒಪ್ಪಿಕೊಳ್ಳೋಕೆ ಹೋಗಬೇಡಿ (ಹೇಳಿಬಿಡಿ ಅನ್ನುವ ಸಲಹೆಗಾರರೂ ಇದ್ದಾರೆ, ನನಗೆ ಒಪ್ಪಿಗೆ ಇಲ್ಲ, ಆ ಮಾತು ಕೇಳಿಸಿಕೊಂಡವಳು ಅದನ್ನು ಏನು ಮಾಡಬೇಕು?). ಅವಳ ಹತ್ತಿರ ಇರುವುದರಲ್ಲಿ ನಿಮಗೆ ನಿಜಕ್ಕೂ ಬೇಕಾದದ್ದು ಯಾವುದು ಅಂತ ಬರೆದುಕೊಂಡು ಬನ್ನಿ.

ಬರೆದು ತಂದದ್ದರಲ್ಲಿ ಹುದ್ದೆ ಇರಲಿಲ್ಲ, ಸಂಬಳವೂ ಇರಲಿಲ್ಲ. "ಮೀಟಿಂಗ್‌ನಲ್ಲಿ ಅವಳನ್ನು ಕೇಳ್ತಾರೆ, ನನ್ನನ್ನು ಯಾರೂ ಕೇಳಲ್ಲ" ಅಂತಿತ್ತು. ಈಗ ಕೇಳುವವರೆಗೂ ಕಾಯದೆ, ಮೀಟಿಂಗ್ ಶುರುವಾಗುತ್ತಲೇ ಒಂದು ಮಾತು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಾರೆ. ಗೆಳೆತನ ಮೊದಲಿನಂತೆ ಆಗಿಲ್ಲ, ಆಗಲೇಬೇಕು ಅಂತ ನಾನೂ ಒತ್ತಾಯ ಮಾಡಿಲ್ಲ. ಗಂಡನನ್ನೂ ಒಮ್ಮೆ ಕರೆಸಿದ್ದೆ. ಹೊಟ್ಟೆಕಿಚ್ಚೇ ಇರಬಹುದು, ಆದರೆ ಮೊದಲು "ಏನಾಯ್ತು" ಅಂತ ಕೇಳಿ ಅಂದೆ.